ದ್ವಾದಶಿಯ ಎರಡು ಮಾತ್ರೆ

ಏಕಾದಶಿ ಉಪವಾಸದ ಪಾರಣೆ ಮುಗಿದು ಎಲೆ ಎತ್ತಿ ಆಗಿತ್ತು. ಸೂರ್ಯ ಹುಟ್ಟಿ ಅರ್ಧ ತಾಸು ಕೂಡ ಆಗಿರಲಿಲ್ಲ. ನಾನು ಮಡಿ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಊಟದ ಜಾಗಕ್ಕೆ ಗೋಮಯ ಬಳಿಯುತ್ತಿದ್ದೆ. ಅರ್ಧ ನೆಲ ಆಗಿತ್ತು, ಇನ್ನರ್ಧ ಉಳಿದಿತ್ತು. ಆಗ ತುಂಗಾ ಅಡುಗೆಮನೆಯ ಹೊಸ್ತಿಲ ಆಚೆ ಬಂದು ನಿಂತಳು. ನಾನು ಮಡಿಯಲ್ಲಿದ್ದಾಗ ಒಳಗೆ ಕಾಲಿಡಬಾರದೆಂದು ಎಂಟು ವರ್ಷದ ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

"ಅಮ್ಮಾ, ತಾತಗ ತಲಿ ಭಾಳ ನೋಯ್ಲಿಕ್ಕತ್ತದಂತ. ಕಣ್ಣು ಮುಚ್ಚಿಕೊಂಡು ಕೂತಾರ."

"ನಿನ್ನಿ ಇಡೀ ದಿನ ಒಣ ಉಪವಾಸ ಇದ್ರಲ್ಲ, ಅದಕ್ಕ ಇರ್ಬೇಕು. ಸ್ವಲ್ಪ ಅಡ್ಡಾಗ್ರಿ ಅಂತ ಹೇಳು," ಎಂದೆ. ಹೇಳಿ ಮತ್ತೆ ಬಾಗಿದೆ.

ಒಂದು ಗೇಣು ಬಳಿದಿರಬೇಕು. ಪಡಸಾಲೆಯಲ್ಲಿ ಚೊಂಬು ಬಿದ್ದು ಉರುಳಿದ ಸದ್ದಾಯಿತು. ಅದರ ಹಿಂದೆಯೇ ಮಾವನವರು ವಾಂತಿ ಮಾಡಿಕೊಳ್ಳುವ ಸದ್ದು. ನಾನು ಹೊರಗೆ ಓಡಿದಾಗ ಅವರು ಗೋಡೆಗೆ ಒರಗಿ ಪಕ್ಕಕ್ಕೆ ಜಾರುತ್ತಿದ್ದರು. ಸಗಣಿಯ ಕೈಯಲ್ಲೇ ಅವರ ತಲೆ ಹಿಡಿದುಕೊಂಡೆ. ಮಡಿ ನೆನಪಾಗಲಿಲ್ಲ. "ಮಾವಾ, ಮಾವಾ" ಎಂದು ಕೂಗಿದೆ. ಅವರು ನನ್ನನ್ನು ನೋಡಿದರು. ಬಾಯಿ ಆಡಿತು, ಮಾತು ಬರಲಿಲ್ಲ. ಹನ್ನೆರಡು ದಿನಗಳಲ್ಲಿ ಕಷ್ಟಪಟ್ಟು ಎತ್ತಲು ಕಲಿತಿದ್ದ ಬಲಗೈ ಮತ್ತೆ ಒದ್ದೆ ಬಟ್ಟೆಯ ಹಾಗೆ ಮಡಿಲಲ್ಲಿ ಬಿದ್ದಿತ್ತು.

ತುಂಗಾ ಕಂಬದ ಹತ್ತಿರ ನಿಂತು ನೋಡುತ್ತಿದ್ದಳು. ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಆ ಕೈಗಳನ್ನು ಆಕೆ ಮುಂದೆ ತಂದದ್ದು ಎಷ್ಟೋ ದಿನಗಳ ಮೇಲೆ.

ಹನ್ನೆರಡು ದಿನಗಳ ಹಿಂದೆ, ಸಂಧ್ಯಾವಂದನೆಗೆ ಕೂತಾಗ ಮಾವನವರ ಕೈಯಿಂದ ಉದ್ಧರಣೆ ಚಮಚ ಜಾರಿತ್ತು. ಎತ್ತಿಕೊಳ್ಳಲು ಹೋದರೆ ಬೆರಳು ಮಾತು ಕೇಳಲಿಲ್ಲ, ನಾಲಿಗೆ ತೊದಲಿತು. ನಮ್ಮ ಡಾಕ್ಟರ್ ಭೀಮಲಿಂಗಪ್ಪನವರು ನಾಲ್ಕು ದಿನ ತಮ್ಮ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಅವರು ಆಲೂರಿನವರು, ಮಾವನವರು ಆಲೂರಿನ ತಾಲೂಕು ಕಚೇರಿಯಲ್ಲಿ ಇದ್ದ ಕಾಲದಿಂದ ಪರಿಚಯ. "ಮೆದುಳಿಗೆ ಹೋಗೋ ಒಂದು ಸಣ್ಣ ನಾಳದಾಗ ರಕ್ತ ಹೆಪ್ಪುಗಟ್ಟಿ ನಿಂತೈತಮ್ಮ. ದೇವರು ದೊಡ್ಡವನು, ಸಣ್ಣದರಾಗ ಹೋಗೈತಿ," ಎಂದು ಹೇಳಿ ರಕ್ತ ತೆಳುವಾಗಿಡುವ ಮಾತ್ರೆ ಬರೆದುಕೊಟ್ಟರು. ದಿನಕ್ಕೊಂದು, ಊಟವಾದ ಮೇಲೆ, ತಪ್ಪಿಸಬಾರದು.

ಮಾತ್ರೆ ಕೊಡುವ ಕೆಲಸ ತುಂಗಾಳದಾಯಿತು. ನಾನೇ ಕೊಟ್ಟ ಕೆಲಸ. ಊಟದ ಹೊತ್ತಿಗೆ ನಾನು ಮಡಿಯಲ್ಲಿರುತ್ತೇನೆ. ಅಂಗಡಿಯಿಂದ ಬಂದ ಔಷಧಿಯ ಪೊಟ್ಟಣ ಮುಟ್ಟುವ ಹಾಗಿಲ್ಲ. ಮಾವನವರೂ ಮುಟ್ಟುತ್ತಿರಲಿಲ್ಲ. ಇವರು, ತುಂಗಾಳ ಅಪ್ಪ, ಹತ್ತಿ ಮಾರುಕಟ್ಟೆಯ ಕಚೇರಿಗೆ ಹೋಗಿರುತ್ತಾರೆ. ಮಾವನವರು ಕತ್ತು ಮೇಲೆ ಮಾಡಿ ಬಾಯಿ ತೆರೆದರೆ ತುಂಗಾ ತುಟಿಗೆ ಬೆರಳು ತಾಕದ ಹಾಗೆ ಮೇಲಿಂದ ಮಾತ್ರೆ ಹಾಕುತ್ತಿದ್ದಳು. "ಗುಬ್ಬಿ ಮರಿಗೆ ಗುಟುಕು," ಎಂದು ಅವರು ತೊದಲಿ ನಗುತ್ತಿದ್ದರು. ಆಕೆ ಆಮೇಲೆ ಕುರ್ಚಿ ಎಳೆದುಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಪೆನ್ಸಿಲಿನಿಂದ ಒಂದು ಗೀಟು ಹಾಕುತ್ತಿದ್ದಳು. ಅಷ್ಟು ಶ್ರದ್ಧೆಯಿಂದ ಆಕೆ ಶಾಲೆಯ ಲೆಕ್ಕವನ್ನೂ ಮಾಡಿದ್ದಿಲ್ಲ.

ಏಕಾದಶಿ ಬಂತು. ಉಪವಾಸ ಬೇಡ ಎಂದು ಡಾಕ್ಟರು ಹೇಳಿದ್ದರು, ನಾನೂ ಹೇಳಿದೆ. ಐವತ್ತೆಂಟು ವರ್ಷದಿಂದ ಒಂದೂ ಬಿಟ್ಟಿಲ್ಲ ಎಂದು ಅವರು ತೊದಲುತ್ತಲೇ ಹಟ ಹಿಡಿದರು. ಕೊನೆಗೆ ನಾನು ಬೇಡಿಕೊಂಡು ಒಂದೇ ಮಾತು ಒಪ್ಪಿಸಿದೆ: ಊಟ ಬೇಡ, ಹಾಲು ಬೇಡ, ಗುಳಿಗೆ ಮಾತ್ರ ಒಂದು ಗುಟುಕು ನೀರಿನಲ್ಲಿ ನುಂಗಬೇಕು. "ಔಷಧಿಗೆ ದೋಷ ಇಲ್ಲ, ಮಾವಾ." ಅವರು ತಲೆಯಾಡಿಸಿದರು. ಮಧ್ಯಾಹ್ನ ತುಂಗಾಳನ್ನು ಕೇಳಿದೆ, "ಗುಳಿಗಿ ಕೊಟ್ಟಿಯೇನು?" ಆಕೆ "ಹ್ಞೂಂ" ಅಂದಳು. ಸಂಜೆ ಮಾವನವರು ಹಣೆ ಒತ್ತಿಕೊಂಡು ತಲೆ ಭಾರ ಅಂದರು. ಉಪವಾಸದ ತಲೆನೋವು ನಮ್ಮ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ ಬರುವ ನೆಂಟ. ಯಾರೂ ಅದಕ್ಕೆ ಮಣೆ ಹಾಕಲಿಲ್ಲ.

ಈಗ ಭೀಮಲಿಂಗಪ್ಪನವರು ಬಂದು ಮಾವನವರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡಿದರು, ಅಂಗಾಲು ಗೀರಿ ನೋಡಿದರು. ಇವರನ್ನು ಪಕ್ಕಕ್ಕೆ ಕರೆದರು. ನಾನೂ ಹಿಂದೆಯೇ ಹೋದೆ.

"ಜಯತೀರ್ಥ, ಇದು ಇನ್ನೊಂದು ಕಡೆ ರಕ್ತ ಹೆಪ್ಪುಗಟ್ಟಿದ್ದಿರಬಹುದು, ಇಲ್ಲಾ ಮೊದಲಿನ ಜಾಗದಾಗೇ ರಕ್ತ ಸೋರ್ತಿರಬಹುದು. ಹೊರಗ ಎರಡೂ ಒಂದೇ ಥರ ಕಾಣ್ತಾವು. ಔಷಧ ಮಾತ್ರ ಒಂದಕ್ಕೊಂದು ಉಲ್ಟಾ. ನಾ ಇಲ್ಲಿ ಕುಂತು ಊಹೆ ಮಾಡಿ ಕೊಟ್ರ ಮನುಷ್ಯಾ ಉಳಿಯಂಗಿಲ್ಲ. ಹೈದರಾಬಾದಿನಾಗ ತಲಿ ಒಳಗಿನ ಚಿತ್ರ ತೆಗಿಯೋ ಮಷಿನ್ ಬಂದೈತಿ. ಈಗಿಂದೀಗ ಹೊರಡ್ರಿ. ಆ ಗುಳಿಗಿ ಇನ್ನ ಕೊಡಬ್ಯಾಡ್ರಿ."

ಎದುರುಮನೆಯ ಹತ್ತಿ ವ್ಯಾಪಾರಿ ಬಜಾರಪ್ಪನವರು ತಮ್ಮ ಅಂಬಾಸಿಡರ್ ಕಾರು ಮತ್ತು ಡ್ರೈವರನನ್ನು ಕೊಟ್ಟರು. ಹಿಂದಿನ ಸೀಟಿನಲ್ಲಿ ಮಾವನವರನ್ನು ಮಲಗಿಸಿ, ತಲೆ ಎತ್ತರವಾಗಿರಲೆಂದು ಇವರು ತೊಡೆಯ ಮೇಲೆ ದಿಂಬಿಟ್ಟುಕೊಂಡು ಕೂತರು. ಕಾರು ಎಮ್ಮಿಗನೂರಿನ ದಾರಿ ಹಿಡಿಯಿತು. ನಾನು ಒಳಗೆ ಬಂದು ಅರ್ಧಕ್ಕೆ ಬಿಟ್ಟಿದ್ದ ನೆಲ ಬಳಿದು ಮುಗಿಸಿದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ತುಂಗಾ ಅವತ್ತು ಉಣ್ಣಲಿಲ್ಲ. ತಾತ ಹೋದ ಸಂಕಟ ಅಂದುಕೊಂಡೆ. ಮರುದಿನವೂ ಎರಡು ತುತ್ತು ತಿಂದು ಎದ್ದಳು. ಕಸ ಮುಸುರೆಗೆ ಬರುವ ಉರುಕುಂದಮ್ಮ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಾ, "ಏನ್ರಮ್ಮಾ, ಈ ಪಿಲ್ಲ ಮೂಕಿ ಆಗ್ಯಾಳೇನು? ಮುಂಜಾನಿಂದ ಮಾತಾಡಿಸ್ತೀನಿ, ಪಲಕೋದೇ ಇಲ್ಲ, ಹ್ಞೂಂ ಅನ್ನೋದೂ ಇಲ್ಲ. ಇಲ್ಲಾಂದ್ರ ನನ್ನ ತಲಿ ತಿಂತಿದ್ಲು," ಅಂದಳು.

ಅವತ್ತು ಮಧ್ಯಾಹ್ನ ತಿಥಿ ನೋಡಲೆಂದು ಕ್ಯಾಲೆಂಡರ್ ಹತ್ತಿರ ಹೋದೆ. ಪೆನ್ಸಿಲಿನ ಗೀಟುಗಳು ಸಾಲಾಗಿ ಇದ್ದವು, ದಿನಕ್ಕೊಂದು. ಏಕಾದಶಿಯ ಚೌಕ ಖಾಲಿ. ದ್ವಾದಶಿಯ ಚೌಕದಲ್ಲಿ ಎರಡು ಗೀಟು, ಒಂದರ ಪಕ್ಕ ಒಂದು.

ನಿಂತಲ್ಲೇ ನನಗೆ ಎಲ್ಲ ತಿಳಿಯಿತು. ಮಾವನವರು ಬಾಯಿಗೆ ಹನಿ ನೀರು ಹಾಕಿಕೊಂಡಿರಲಿಲ್ಲ. ಏಕಾದಶಿಗೆ ಬಿಟ್ಟದ್ದನ್ನು ದ್ವಾದಶಿಯ ಪಾರಣೆಯಲ್ಲಿ ಸೇರಿಸಿ ಮುಗಿಸುವುದು ಅವರಿಗೆ ಜನ್ಮದ ಅಭ್ಯಾಸ. ಊಟವನ್ನು ಹಾಗೆ ಮಾಡಿದವರು ಮಾತ್ರೆಯನ್ನೂ ಹಾಗೆಯೇ ಮಾಡಿದ್ದರು. ನಿನ್ನೆಯದೊಂದು, ಇವತ್ತಿನದೊಂದು. ಕೂಸಿಗೆ "ಅಮ್ಮಗ ಹೇಳಬ್ಯಾಡ" ಎಂದಿರಬೇಕು. ಕೂಸು ನನಗೆ ಸುಳ್ಳು ಹೇಳಿತು, ಆದರೆ ಕ್ಯಾಲೆಂಡರಿಗೆ ಸುಳ್ಳು ಬರೆಯಲು ಆಗಲಿಲ್ಲ. ಎರಡು ಮಾತ್ರೆ ಬಾಯಿಗೆ ಹಾಕಿ ಇನ್ನೂ ಒಂದು ತಾಸಾಗಿರಲಿಲ್ಲ, ತಾತ ಕಣ್ಣೆದುರೇ ಜಾರಿದ್ದರು.

ನನ್ನ ಮಗಳು ತಾನು ತಾತನನ್ನು ಕೊಂದೆ ಎಂದುಕೊಂಡು ಕೂತಿದ್ದಾಳೆ. ಹಾಗಾಗಿಲ್ಲ ಎಂದು ಹೇಳಲು ನನಗೂ ಗೊತ್ತಿರಲಿಲ್ಲ. ರಕ್ತ ತೆಳುವಾಗುವ ಮಾತ್ರೆ, ಎರಡು, ಆಮೇಲೆ ರಕ್ತ ಸೋರಿದೆಯೋ ಏನೋ ಎಂಬ ಡಾಕ್ಟರ ಮಾತು. ಮಡಿಯಲ್ಲಿದ್ದೇನೆಂದು ದೊಡ್ಡವರು ಮಾಡುವ ಕೆಲಸವನ್ನು ಎಂಟು ವರ್ಷದ ಕೈಗೆ ಕೊಟ್ಟವಳು ನಾನು.  ಒಲೆಯ ಮೇಲೆ ಇಟ್ಟ ಹಾಲು ನೆನಪಾಗಿ ಒಳಗೆ ಓಡಿದೆ.

ಮರುದಿನ ನೋಡಿದಾಗ ಆ ಚೌಕ ಇರಲಿಲ್ಲ. ಒದ್ದೆ ಬೆರಳಿನಿಂದ ತಿಕ್ಕಿ ತಿಕ್ಕಿ ಕಾಗದವೇ ಹರಿದು ಅಲ್ಲಿ ಒಂದು ತೂತಾಗಿತ್ತು. ಅದರೊಳಗಿಂದ ಗೋಡೆಯ ಸುಣ್ಣ ಕಾಣುತ್ತಿತ್ತು.

ಮೂರನೆಯ ದಿನ ಬಜಾರಪ್ಪನವರ ಮನೆಗೆ ಟ್ರಂಕಾಲ್ ಬಂತು. ಅವರ ಗುಮಾಸ್ತ ಓಡಿ ಬಂದು ಕರೆದ. ನಾನು ಕೈಯೊರೆಸಿಕೊಳ್ಳುತ್ತಾ ಹೋದೆ. ತುಂಗಾ ನನ್ನ ಹಿಂದೆ ಬಂದಳು, ಬಾಗಿಲಲ್ಲೇ ನಿಂತಳು.

"ಪ್ರೇಮಾ, ಕೇಳಿಸ್ತದೇನು? ಅಪ್ಪ ಕಣ್ಣು ಬಿಟ್ಟಾರ," ಇವರ ದನಿ ಬಾವಿಯೊಳಗಿಂದ ಬಂದ ಹಾಗಿತ್ತು. "ಚಿತ್ರ ತಗದ್ರು. ರಕ್ತ ಸೋರಿದ್ದು ಖರೇ. ಮೊದಲ ಎಲ್ಲಿ ರಕ್ತ ನಿಂತಿತ್ತೋ ಅದೇ ಜಾಗದಾಗ. ಅಲ್ಲಿ ಮೆದುಳು ಬಾಡಿ ಮೆತ್ತಗಾಗಿರ್ತದಂತ, ನಾಳದ ಗೋಡೆನೂ ಸಡಿಲ ಆಗಿರ್ತದಂತ. ಮತ್ತ ರಕ್ತ ಬಂದಾಗ ತಾಳಲಾರದ ಒಸರ್ತದಂತ. ಹುಣಸಿ ಬೀಜದಷ್ಟು ಅದ, ಅಷ್ಟೇ. ಆಪರೇಷನ್ ಬ್ಯಾಡ, ತಾನೇ ಇಂಗ್ತದ ಅಂದಾರ."

"ಉಳೀತಾರಲ್ಲ?"

"ಉಳೀತಾರ. ಹತ್ತು ದಿನ ಇಟ್ಟುಕೋತಾರಂತ."

ನಾನು ಬಜಾರಪ್ಪನವರ ಗಾದಿಯ ಅಂಚಿಗೆ ಕೂತೆ. ಹೆಂಗಸರು ಆ ಗಾದಿಯ ಮೇಲೆ ಕೂಡುವ ವಾಡಿಕೆ ಇಲ್ಲ. ಬಜಾರಪ್ಪನವರು ಮುಖ ಆಚೆ ತಿರುಗಿಸಿ, "ಕೂಡ್ರಮ್ಮ, ಕೂಡ್ರಿ. ಏಂ ಪರವಾಲೇದು," ಅಂದರು.

ಬಾಗಿಲ ಕಡೆ ನೋಡಿದೆ. ತುಂಗಾ ಅಲ್ಲಿರಲಿಲ್ಲ. ಆ ಅವಕಾಶದಲ್ಲೇ ಇವರಿಗೆ ಎರಡು ಮಾತ್ರೆಯ ಸಂಗತಿ ಹೇಳಿದೆ, ಒಂದೇ ಉಸಿರಿಗೆ. "ಅಲ್ಲಿ ಡಾಕ್ಟರನ್ನ ಕೇಳ್ರಿ. ಎರಡು ನುಂಗಿದ್ದಕ್ಕ ಹಿಂಗಾತೇನು ಅಂತ ಸರಿಯಾಗಿ ಕೇಳ್ರಿ. ನನ್ನ ಸಮಾಧಾನಕ್ಕ ಹೇಳಬ್ಯಾಡ್ರಿ, ಅವರು ಏನಂತಾರೋ ಅದನ್ನೇ ಹೇಳ್ರಿ." ಅಷ್ಟರಲ್ಲಿ ಮೂರು ನಿಮಿಷ ಮುಗಿಯಿತೆಂದು ಎಕ್ಸ್‌ಚೇಂಜಿನ ಯಾವಳೋ ತೆಲುಗಿನಲ್ಲಿ ಹೇಳಿದಳು, ಲೈನ್ ಕಟ್ಟಾಯಿತು.

ಉತ್ತರ ಬಂದದ್ದು ಒಂದು ದಿನ ಬಿಟ್ಟು. "ಕೇಳ್ದೆ," ಅಂದರು ಇವರು. "ಆ ಡಾಕ್ಟ್ರು ನಕ್ಕುಬಿಟ್ರು. ಜ್ವರ, ಮೈಕೈನೋವಿಗೂ ಅದೇ ಗುಳಿಗಿ ಅಂತ, ಜನ ದಿನಕ್ಕ ನಾಕು ನುಂಗ್ತಾರಂತ. ಒಂದು ಹೆಚ್ಚಿಗಿ ತೊಗೊಂಡ್ರ ತಾಸಿನೊಳಗ ಹಿಂಗ ಆಗೂದಿಲ್ಲಂತ. ಹಿಂದಿನ ಸಂಜಿ ತಲಿ ಭಾರ ಅಂದಿದ್ರಲ್ಲ ಅಪ್ಪ, ಆಗಲೇ ಒಸರ್ಲಿಕ್ಕೆ ಸುರು ಆಗಿರ್ಬೇಕು ಅಂದ್ರು. ಗುಳಿಗಿ ತೊಗೊಳ್ಳದವರಿಗೂ ಇದು ಆಗ್ತದಂತ, ಮೊದಲ ಎರಡು ವಾರದಾಗ. ಆದ್ರ ಒಣ ಉಪವಾಸ ಕೇಳಿ ಮಾತ್ರ ನನ್ನ ಮ್ಯಾಲೆ ರೇಗಾಡಿದ್ರು. ನಾ ಏನು ಮಾಡ್ಲಿ, ಅಪ್ಪನ ಪಾಲಿಂದು ನಾ ಬೈಸಿಕೊಂಡೆ."

ಅವತ್ತು ನಾನು ಅತ್ತೆ. ಬಚ್ಚಲಲ್ಲಿ ನೀರು ಬಿಟ್ಟುಕೊಂಡು, ಯಾರಿಗೂ ಕೇಳದ ಹಾಗೆ, ಹೊಟ್ಟೆ ತುಂಬ ಅತ್ತೆ. ಮುಖ ತೊಳೆದುಕೊಂಡು ಹೊರಗೆ ಬಂದಾಗ ಹಸಿವಾಗಿತ್ತು.

ಅಷ್ಟರಲ್ಲಿ ಮಾಧವರಂನಿಂದ ಸಕ್ಕೂಬಾಯಿಯವರು ಬಂದಿಳಿದಿದ್ದರು. ಮಾವನವರ ಅಕ್ಕ, ಎಪ್ಪತ್ತು ದಾಟಿದ ವಿಧವೆ, ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಬಂದವರೇ ನನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾವು ಕೂತರು.

"ಹುಟ್ಟಿದಾಗಿಂದ ಮೊಂಡ ಅಂವ. ತೊಟ್ಟಿಲೊಳಗೂ ಯಾರ ಮಾತೂ ಕೇಳಿದ್ದಿಲ್ಲ. ತಲ್ಯಾಗ ಕಲ್ಲು ಅದ ಅಂದ್ಕೊಂಡಿದ್ದೆ, ರಕ್ತನೂ ಅದಂತ ಈಗ ಗೊತ್ತಾತು ನೋಡು," ಎಂದು ಬೈಯುತ್ತಾ ಕಣ್ಣೊರೆಸಿಕೊಂಡರು.

ಎಲ್ಲರೂ ಇರುವಾಗ ನಾನು ಬೇಕೆಂದೇ ಗಟ್ಟಿಯಾಗಿ ಹೇಳಿದೆ: "ಅತ್ಯಾ, ಇದು ಯಾರಿಂದನೂ ಆಗಿದ್ದಲ್ಲಂತ. ಡಾಕ್ಟ್ರು ಹೇಳ್ಯಾರ, ತಾನೇ ಆಗೂದಂತ." ಹೇಳುತ್ತಾ ಓರೆಗಣ್ಣಿನಿಂದ ಮಗಳನ್ನು ನೋಡಿದೆ. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಒಂದು ಗಳಿಗೆ ಕಣ್ಣಿನಲ್ಲಿ ಏನೋ ಎದ್ದಿತು, ಮತ್ತೆ ಕೂತಿತು. ಆಗ ಗೊತ್ತಾಯಿತು. ಡಾಕ್ಟರಿಗೆ ಎರಡು ಮಾತ್ರೆಯ ವಿಷಯ ತಿಳಿಯದು, ಅದಕ್ಕೇ ಹಾಗೆ ಹೇಳಿದ್ದಾರೆ ಎಂದು ಆಕೆ ಅಂದುಕೊಳ್ಳುತ್ತಿದ್ದಾಳೆ. ತಿಳಿದರೆ ಬೇರೆ ಹೇಳುತ್ತಾರೆ ಎಂದು.

ಹಾಗಾದರೆ ನನಗೆ ತಿಳಿದಿದೆ ಎಂದೇ ಹೇಳಿಬಿಡಬೇಕು. ಸಂಜೆ ಹಿತ್ತಲಲ್ಲಿ ಆಕೆಯ ತಲೆ ಬಾಚುತ್ತಾ ಮೆಲ್ಲಗೆ ಶುರು ಮಾಡಿದೆ. "ತುಂಗಾ, ಅವತ್ತು ದ್ವಾದಶಿ ದಿನ ತಾತಗ ಗುಳಿಗಿ..." ಅಷ್ಟೇ ಅಂದದ್ದು. ಕೂಸಿನ ಮೈ ಕಟ್ಟಿಗೆಯಾಯಿತು. ಅರ್ಧ ಹೆಣೆದ ಜಡೆ ನನ್ನ ಕೈಯಿಂದ ಕಿತ್ತುಕೊಂಡು ಓಡಿತು. ಹಗೇವಿನ ಕೋಣೆಯಲ್ಲಿ ಜೋಳದ ಚೀಲಗಳ ಹಿಂದೆ ಹೋಗಿ ಕೂತು, ತಿಂದ ನಾಲ್ಕು ತುತ್ತನ್ನೂ ವಾಂತಿ ಮಾಡಿಕೊಂಡಿತು. ಮಧ್ಯಾಹ್ನದವರೆಗೆ ತಣ್ಣಗಿದ್ದ ಮೈ ಸುಡುತ್ತಿತ್ತು.

ಸಕ್ಕೂಬಾಯಿಯವರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಪಟ ಅಂದು ಮನೆಯವರೆಲ್ಲ ಕೆಮ್ಮಿದೆವು. ಕೂಸು ಮಲಗಿದ ಮೇಲೆ ನಾನು ಅವರಿಗೆ ಎಲ್ಲ ಹೇಳಿದೆ.

"ಅಯ್ಯ, ಅಷ್ಟೇನು? ಎಬ್ಬಿಸು, ನಾ ಕೇಳ್ತೀನಿ. ಬಾಯಿ ಬಿಡಿಸಿ, ಎರಡು ಮಾತು ಬೈದು, ಎರಡು ಉಂಡಿ ಕೊಟ್ರ ಆತು!"

"ಬ್ಯಾಡ ಅತ್ಯಾ. ನಾವು ಕೇಳಿದ್ರ ಸಿಕ್ಕುಬಿದ್ದೆ ಅಂತ ಅಂಜ್ತಾಳ. ಆಮ್ಯಾಲ ನಾವೇನು ಹೇಳಿದ್ರೂ ಸಮಾಧಾನಕ್ಕ ಹೇಳ್ತಾರ ಅಂತಾಳ. ತಾತಗ ಮಾತು ಬ್ಯಾರೆ ಕೊಟ್ಟಾಳ. ಆಕಿನೇ ಕೇಳ್ಲಿ. ಕೇಳಿದ್ರಷ್ಟೇ ಉತ್ತರ ಒಳಗ ಇಳೀತದ."

"ಕೇಳದಿದ್ರ?"

"ಕೇಳ್ತಾಳ."

"ನೀನೂ ನನ್ನ ತಮ್ಮನ ಸೊಸಿನೇ ಹೌದು. ಮೊಂಡತನ ನೀರಿನಾಗ ಬೆರಸ್ಯಾನೇನು ಈ ಮನ್ಯಾಗ," ಎಂದು ಗೊಣಗಿದರು. ಆದರೆ ಮರುದಿನದಿಂದ ಆ ಮಾತೆತ್ತಲಿಲ್ಲ. ತುಂಗಾಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹೂಬತ್ತಿ ಹೊಸೆಯಲು ಕಲಿಸಿದರು. ಬೆನ್ನ ಹಿಂದಿದ್ದ ಕೈಗಳು ಅಂತೂ ಮುಂದೆ ಬಂದವು. ಹತ್ತಿ ಬಿಡಿಸುತ್ತಾ ಕೂತ ಕೂಸು ಆಗಾಗ ನನ್ನನ್ನು ನೋಡುತ್ತಿತ್ತು, ನಾನು ಅಕ್ಕಿ ಆರಿಸುತ್ತಾ ಕಾಯುತ್ತಿದ್ದೆ. ಎಷ್ಟೋ ಸಲ ಬಾಯಿಯವರೆಗೆ ಬಂದದ್ದನ್ನು ನಾನೇ ನುಂಗಿದೆ. ತಾಯಿಗೆ ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿರಲಾರದು.

ಹನ್ನೊಂದನೆಯ ದಿನ ಮಾವನವರು ಮನೆಗೆ ಬಂದರು. ಇವರ ಹೆಗಲ ಮೇಲೆ ಕೈ ಹಾಕಿಕೊಂಡು, ಬಲಗಾಲು ಎಳೆಯುತ್ತಾ, ಆದರೆ ನಡೆದುಕೊಂಡೇ ಮೆಟ್ಟಿಲು ಹತ್ತಿದರು. ಗಡ್ಡ ಬೆಳ್ಳಗೆ ಬೆಳೆದಿತ್ತು. ನಾನು ಆರತಿ ಎತ್ತಿದೆ. ಅವರು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಮಾತು ಹೊರಡುತ್ತಿತ್ತು, ಆದರೆ ಒಂದನ್ನು ಹುಡುಕಿದರೆ ಇನ್ನೊಂದು ಕೈಗೆ ಸಿಗುತ್ತಿತ್ತು. ಅಕ್ಕನನ್ನು ನೋಡಿ ಬಹಳ ಹೊತ್ತು ತಡಕಾಡಿ, "ಸ... ಸಕ್ಕರಿ," ಅಂದರು.

"ಕೇಳಿದ್ರೇನು ಎಲ್ಲಾರೂ?" ಸಕ್ಕೂಬಾಯಿಯವರು ಕೈ ತಟ್ಟಿದರು. "ಅರವತ್ತೆಂಟು ವರ್ಷದಾಗ ಇವತ್ತು ಒಮ್ಮೆ ನನಗ ಸಿಹಿ ಮಾತಾಡ್ಯಾನ! ಇಷ್ಟಕ್ಕ ಹೈದರಾಬಾದಿಗೆ ಹೋಗಿ ಬರಬೇಕಾತೇನೋ, ತಮ್ಮಾ ಸೇತು?"

ಮಾವನವರು ನಕ್ಕರು. ಉರುಕುಂದಮ್ಮ ಬಾಗಿಲಾಚೆ ನಿಂತು ನಗುತ್ತಾ ಅತ್ತಳು.  ಇವರು ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಯಲ್ಲಿ ನಿಂತಿದ್ದರು. ಸಕ್ಕೂಬಾಯಿಯವರು ಅದನ್ನೂ ಬೈಯಲಿಲ್ಲ.

ತುಂಗಾ ಮಾತ್ರ ಕಂಬದ ಹಿಂದಿದ್ದಳು. ತಾತ ಎಡಗೈ ಚಾಚಿ ಕರೆದರು. ಹತ್ತಿರ ಹೋದಳು, ಕಾಲಿಗೆ ನಮಸ್ಕಾರ ಮಾಡಿದಳು, ಅಷ್ಟೇ ಬೇಗ ಹಿಂದೆ ಸರಿದಳು. ಆಮೇಲಿನ ದಿನಗಳಲ್ಲಿ ತಾತನ ಕೋಣೆಯ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು, ಕಾವಲು ಕೂತ ಹಾಗೆ. ಒಳಗೆ ಹೋಗುತ್ತಿರಲಿಲ್ಲ. ತಾತ ನೀರು ಕೇಳಿದರೆ ಓಡಿ ಬಂದು ನನಗೆ ಹೇಳುತ್ತಿದ್ದಳು. "ನೀನೇ ಕೊಡವಾ," ಅಂದರೆ ತಲೆ ಅಲ್ಲಾಡಿಸುತ್ತಿದ್ದಳು. ತಾತ ಕೆಮ್ಮಿದರೆ ಆಕೆಯ ಮುಖ ಬಿಳುಚುತ್ತಿತ್ತು.

ಮುಂದಿನ ವಾರ ಭೀಮಲಿಂಗಪ್ಪನವರು ನೋಡಲು ಬಂದರು. ಬಾಗಿಲಲ್ಲೇ ಅವರನ್ನು ತಡೆದು ನಾನು ಎರಡು ಮಾತಿನಲ್ಲಿ ಸಂಗತಿ ಹೇಳಿದೆ. ಅವರು ಚೀಲ ಕೆಳಗಿಟ್ಟು ಕೇಳಿದರು.

"ನಾ ಹೇಳಲೇನಮ್ಮ ಪಾಪೂಗ?"

"ಬ್ಯಾಡ್ರಿ. ಆಕಿ ಕೇಳಿದ್ರ ಹೇಳ್ರಿ. ಸ್ವಲ್ಪ ಹೊತ್ತು ಕೂಡ್ರಿ, ಅಷ್ಟೇ."

ಅವರು ಹುಬ್ಬೇರಿಸಿ, ಚೀಲ ಎತ್ತಿಕೊಂಡು ಒಳಗೆ ಬಂದರು. ಮಾವನವರ ಮುಂದೆ ಎರಡು ಬೆರಳು ಹಿಡಿದು, "ಹಿಡಿರಿ ನೋಡೋಣ, ಜೋರಾಗಿ," ಅಂದರು. ಮಾವನವರ ಬಲಗೈ ಮೆಲ್ಲಗೆ ಎದ್ದು ಆ ಬೆರಳುಗಳನ್ನು ಸುತ್ತಿಕೊಂಡಿತು.

"ಭಲೇ! ಬಿಡ್ರಿ ಬಿಡ್ರಿ, ನನಗ ಇನ್ನ ಹತ್ತು ಮನಿ ಪೇಷಂಟ್ ಅದಾರು. ಬೆರಳು ಬೇಕು." ಹಿಂದಕ್ಕೆ ಒರಗಿ ಕೂತರು. "ಇಂಗಿ ಹೋಗ್ತೈತಿ. ಕೈ ಇನ್ನ ಬರ್ತೈತಿ, ಮಾತೂ ಬರ್ತೈತಿ. ಬಿಪಿ ಗುಳಿಗಿ ಮಾತ್ರ ಬಿಡಂಗಿಲ್ಲ. ಇನ್ನೊಂದು ಮಾತು ಆಚಾರ್ರೇ, ಮುಂದಿನ ಏಕಾದಶಿಗೆ ನೀರು ಕುಡೀತೀರೋ, ಇಲ್ಲಾ ನಿಮ್ಮ ದೇವರ ಜೋಡಿ ನಾ ಮಾತಾಡ್ಲೋ?"

ಮಾವನವರು ತಡಕಾಡಿದರು. "ಕು... ಕುಡೀತೀನಿ."

"ಬರದು ಕೊಡು ಅನ್ರಿ ಡಾಕ್ಟ್ರೇ, ಇವನ ಮಾತು ನಂಬಬ್ಯಾಡ್ರಿ," ಅಂದರು ಸಕ್ಕೂಬಾಯಿಯವರು.

"ಮತ್ತೇನಾದ್ರೂ ಕೇಳೋದೈತೇನು?" ಡಾಕ್ಟರು ಸುತ್ತ ನೋಡಿದರು. "ಯಾರು ಬೇಕಾದ್ರೂ ಕೇಳ್ರಿ. ಇವತ್ತು ನನಗ ಅವಸರಿಲ್ಲ."

ಅಪ್ಪ ಮೆಟ್ಟಿಲು ಹತ್ತಬಹುದೇ ಎಂದು ಇವರು ಕೇಳಿದರು. ಸಕ್ಕೂಬಾಯಿಯವರು ಬದನೆಕಾಯಿ ಕೊಡಬಹುದೇ ಎಂದು ಕೇಳಿದರು. ಎರಡಕ್ಕೂ ಡಾಕ್ಟರು ಸಾವಕಾಶವಾಗಿ ಉತ್ತರ ಹೇಳಿದರು.  ಅವರು ಚೀಲ ಮುಚ್ಚಲಿಲ್ಲ, ಏಳಲಿಲ್ಲ. ಮೇಲೆ ಫ್ಯಾನು ಕಿರುಗುಟ್ಟುತ್ತಿತ್ತು. ನಾನು ಕೊಟ್ಟ ಮಜ್ಜಿಗೆಯನ್ನು ಗುಟುಕು ಗುಟುಕಾಗಿ ಕುಡಿಯುತ್ತಾ ಕೂತರು.

ಹೊಸ್ತಿಲ ಮೇಲೆ ತುಂಗಾ ಎದ್ದು ನಿಂತಳು.  ಒಂದು ಹೆಜ್ಜೆ ಒಳಗಿಟ್ಟಳು, ಇನ್ನೊಂದು. ಡಾಕ್ಟರ ಕಡೆ ಹೋಗುವ ಬದಲು ಮಾವನವರ ಮುಂದೆ ನಿಂತು, ಬಹಳ ಸಣ್ಣ ದನಿಯಲ್ಲಿ, "ತಾತಾ, ಹೇಳ್ಲೇನು?" ಅಂದಳು.

ಮಾವನವರು ಆಕೆಯನ್ನೇ ನೋಡಿದರು. ಮೊದಲು ಅವರಿಗೆ ಏನೂ ಹೊಳೆಯಲಿಲ್ಲ. ಆಮೇಲೆ ನಿಧಾನವಾಗಿ ಹೊಳೆಯಿತು; ಅಮ್ಮಗ ಹೇಳಬ್ಯಾಡ ಎಂದು ತಾವು ಆಡಿದ ಮಾತು, ಆ ಮಾತನ್ನು ಈ ಕೂಸು ಇಷ್ಟು ದಿನ ಹೊತ್ತದ್ದು, ಎರಡೂ.  ಬಲಗೈಯನ್ನು, ಆ ಹಟಮಾರಿ ಕೈಯನ್ನು, ಎತ್ತಿ ಆಕೆಯ ತಲೆಯ ಮೇಲಿಟ್ಟರು. "ಹೇಳು," ಅಂದರು. ಒಂದೇ ಸಲಕ್ಕೆ, ತಡಕಾಡದೆ.

ತುಂಗಾ ಡಾಕ್ಟರ ಕಡೆ ತಿರುಗಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೆ ಮಾತು ಗಟ್ಟಿಯಾಗಿ ಬಂತು, ಅಡುಗೆಮನೆಯವರೆಗೂ ಕೇಳುವಷ್ಟು.

"ಡಾಕ್ಟ್ರೇ, ಏಕಾದಶಿ ದಿನದ ಗುಳಿಗಿ ನಾ ತಾತಗ ಕೊಡ್ಲಿಲ್ರಿ. ಮರುದಿನ ಎರಡೂ ಕೂಡೇ ಬಾಯಾಗ ಹಾಕಿದೆ. ತಾತನ ತಲ್ಯಾಗ ರಕ್ತ ಸೋರಿದ್ದು ಅದಕ್ಕೇನ್ರಿ?"